ಗೆಳೆಯರ ಜತೆ ಎಂಟಿಬಿ ರೇಸಿಗೆ ಹೊರಟರೆ: ಕಾರೋ, ಟಿಟಿಯೋ, ಬಸ್ಸೋ, ರೈಲೋ?

ಎಂಟಿಬಿ, ಅಂದರೆ ಗುಡ್ಡದ ಮಣ್ಣುಹಾದಿಯಲ್ಲಿ ಓಡಿಸುವ ಮೌಂಟನ್ ಬೈಕ್ ಸೈಕಲ್ಲಿನ ರೇಸಿಗೆ ಹೆಸರು ಕೊಟ್ಟಾಯಿತು. ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕೈದು ಜನ "ನಾನೂ ಬರ್ತೀನಿ" ಅಂದಾಯಿತು. ಇನ್ನು ಸೈಕಲ್‌ಗಳನ್ನೂ ನಮ್ಮನ್ನೂ ಅಲ್ಲಿಗೆ ಮುಟ್ಟಿಸುವುದು ಹೇಗೆ ಅನ್ನುವ ಚರ್ಚೆ ಶುರು. ಬಹಳ ಗುಂಪುಗಳು ಇದನ್ನು ಹೋಗುವ ದಿನದ ಲೆಕ್ಕದಲ್ಲೇ ತೀರ್ಮಾನ ಮಾಡಿಬಿಡುತ್ತವೆ. ಯಾವುದು ಬೇಗ, ಯಾವುದು ಅಗ್ಗ, ಅಷ್ಟೇ. ನಾನು ಹೇಳುವುದು, ಬರುವ ದಿನದ ಲೆಕ್ಕ ಹಾಕಿ ಅಂತ. ಹೋಗುವಾಗ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ, ಸೈಕಲ್ ಫಳಫಳ ಅನ್ನುತ್ತಿರುತ್ತದೆ. ಬರುವಾಗ ಕಾಲು ಸೋತಿರುತ್ತವೆ, ಸೈಕಲ್ ತುಂಬಾ ಕೆಸರು, ಗುಂಪಿನಲ್ಲಿ ಯಾರಿಗಾದರೂ ಮೊಣಕೈ ತರಚಿರುತ್ತದೆ. ಕೆಲವೊಮ್ಮೆ ಅದಕ್ಕಿಂತ ದೊಡ್ಡ ಪೆಟ್ಟೇ ಆಗಿರುತ್ತದೆ. ಆ ಸಂಜೆ ನಿಮ್ಮನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುವ ಗಾಡಿಯೇ ಸರಿಯಾದ ಗಾಡಿ.

ಸುಮ್ನೆ ಗಾಳಿಯಲ್ಲಿ ಮಾತಾಡುವ ಬದಲು ಒಂದು ಊರನ್ನು ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ವಯನಾಡಿನ ಮಾನಂದವಾಡಿ. ಅಲ್ಲಿನ ಪ್ರಿಯದರ್ಶಿನಿ ಟೀ ತೋಟದಲ್ಲಿ ಕೇರಳ ಅಡ್ವೆಂಚರ್ ಟೂರಿಸಂ ಪ್ರಮೋಷನ್ ಸೊಸೈಟಿಯವರು ಎಂಟಿಬಿ ಕೇರಳ ರೇಸ್ ನಡೆಸುತ್ತಾ ಬಂದಿದ್ದಾರೆ. ಜೀತದಿಂದ ಬಿಡುಗಡೆಯಾದ ಆದಿವಾಸಿ ಕುಟುಂಬಗಳಿಗಾಗಿ ಶುರುವಾದ ತೋಟ ಅದು. ಚಹಾ ಗಿಡಗಳ ನಡುವೆ ಏರಿಳಿಯುವ ಕೆಂಪು ಮಣ್ಣಿನ ಹಾದಿಯಲ್ಲಿ ಹೆಸರಾಂತ ಸವಾರರು ಓಡಿಸುವುದನ್ನು ನೋಡುವುದೇ ಒಂದು ಖುಷಿ. ನಮ್ಮ ಕಡೆಯಿಂದ ಒಂದು ವಾರಾಂತ್ಯದಲ್ಲಿ ಹೋಗಿ ಬರುವಷ್ಟು ಹತ್ತಿರ, ಸುಮಾರು 260 ಕಿಲೋಮೀಟರ್. ಆದರೆ ದಾರಿ ಅಷ್ಟು ಸಲೀಸಲ್ಲ.

ಮೊದಲು ದಾರಿ, ಆಮೇಲೆ ಗಾಡಿ

ಮೈಸೂರಿನವರೆಗೆ ಯೋಚನೆಯೇ ಇಲ್ಲ. 118 ಕಿಲೋಮೀಟರಿನ ದಶಪಥ. ಅಲ್ಲಿಂದ ಮುಂದೆ ಮೂರು ದಾರಿ, ಮೂರಕ್ಕೂ ಕಾಡು ಅಡ್ಡ.

ಹತ್ತಿರದ್ದು ಎಚ್.ಡಿ. ಕೋಟೆ, ಬಾವಲಿ ಮೇಲಿನ ದಾರಿ. ನಾಗರಹೊಳೆಯ ಕಾಡಿನೊಳಗೆ ಹೋಗುತ್ತದೆ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗೇಟು ಬಂದ್. ಎರಡನೆಯದು ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ 766. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಇಲ್ಲ. ಮೂರನೆಯದು ಹುಣಸೂರು, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ ಮೇಲೆ. ಸುತ್ತು ಜಾಸ್ತಿ, ತಿರುವುಗಳೂ ಜಾಸ್ತಿ. ಆದರೆ ರಾತ್ರಿ ಹೊತ್ತಿನಲ್ಲಿ ಎಲ್ಲರೂ ಹಿಡಿಯುವುದು ಇದನ್ನೇ.

ಈಗ ಭಾನುವಾರವನ್ನು ಲೆಕ್ಕ ಹಾಕಿ. ಕೊನೆಯ ರೇಸ್ ಮುಗಿದು, ಬಹುಮಾನ ಕೊಟ್ಟು, ಫೋಟೋ ತೆಗೆದು, ಸೈಕಲ್ ತೊಳೆದು ಕಟ್ಟುವಷ್ಟರಲ್ಲಿ ಐದು ಗಂಟೆ ಆಗೇ ಆಗುತ್ತದೆ. ಅಷ್ಟೊತ್ತಿಗೆ ಬಾವಲಿ ದಾರಿ ಕೈ ತಪ್ಪಿದ ಹಾಗೆಯೇ. ಬತ್ತೇರಿ ಕಡೆ ಹೋಗಬಹುದು, ಇಲ್ಲವೇ ಕತ್ತಲಲ್ಲಿ ಕುಟ್ಟದ ತಿರುವುಗಳು. ಬೆಳಿಗ್ಗೆ ರೇಸ್ ಹೊಡೆದವನ ಕೈಗೆ ಆ ಸ್ಟೇರಿಂಗ್ ಕೊಡುವುದು ಒಳ್ಳೆಯದಲ್ಲ. ಗಾಡಿ ಯಾವುದು ಅನ್ನುವುದಕ್ಕಿಂತ ಮೊದಲು ವಾಪಸ್ ಬರುವಾಗ ಓಡಿಸುವವರು ಯಾರು ಅನ್ನುವುದು ಇತ್ಯರ್ಥವಾಗಬೇಕು.

ಸ್ವಂತ ಕಾರು

ಮೂವರು, ಹೆಚ್ಚೆಂದರೆ ನಾಲ್ವರು ಇದ್ದರೆ ಕಾರು ಚೆನ್ನ. ಬೇಕಾದಾಗ ಹೊರಡಬಹುದು, ಬೇಕಾದಲ್ಲಿ ನಿಲ್ಲಿಸಬಹುದು. ರೇಸ್ ಜಾಗದಲ್ಲಿ ಬಟ್ಟೆ ಬದಲಾಯಿಸುವುದಕ್ಕೆ, ಬೀಗ ಹಾಕಿ ಸಾಮಾನು ಇಡುವುದಕ್ಕೆ ಒಂದು ನೆಲೆ ಸಿಗುತ್ತದೆ. ಸೈಕಲ್ ಎಲ್ಲಿ ಕೂರಬೇಕು ಅನ್ನುವುದರಲ್ಲಿ ಮೂರು ಆಯ್ಕೆ ಇದೆ.

ಬೆಲ್ಟಿನಿಂದ ಹಿಂಬಾಗಿಲಿಗೆ ಕಟ್ಟುವ ರ‍್ಯಾಕ್ ಅಗ್ಗದ್ದು, ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಊರೊಳಗೆ ತುರಹಳ್ಳಿ, ಅವಲಹಳ್ಳಿ ಕಾಡಿಗೆ ಹೋಗಿ ಬರಲು ಪರವಾಗಿಲ್ಲ. 260 ಕಿಲೋಮೀಟರಿಗೆ ನಾನು ಅದನ್ನು ಒಪ್ಪುವುದಿಲ್ಲ. ಎಂಟಿಬಿ ಹಗುರವಲ್ಲ, ಸಾಧಾರಣ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮಾದರಿ) ಒಂದೇ 13–14 ಕಿಲೋ ತೂಗುತ್ತದೆ. ಮೂರು ನೇತುಹಾಕಿದರೆ ಹಂಪ್ ಬಂದಾಗೆಲ್ಲ ಅಷ್ಟೂ ಭಾರ ನಾಲ್ಕು ಬೆಲ್ಟುಗಳ ಮೇಲೆ ಬೀಳುತ್ತದೆ. ಪೆಡಲ್ ಒಂದು ಸೈಕಲ್ಲಿನದು, ಗೀರು ಬೀಳುವುದು ಪಕ್ಕದ ಸೈಕಲ್ಲಿಗೆ. ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಫುಲ್ ಸಸ್ಪೆನ್ಷನ್ ಚೌಕಟ್ಟಂತೂ ರ‍್ಯಾಕಿನ ಕೈಗಳಿಗೆ ಸರಿಯಾಗಿ ಕೂರುವುದೇ ಇಲ್ಲ. ಇನ್ನೊಂದು ವಿಷಯ, ನಂಬರ್ ಪ್ಲೇಟ್ ಮತ್ತು ಹಿಂದಿನ ಲೈಟು ಮುಚ್ಚಿಹೋಗುತ್ತವೆ. ಕೇರಳದ ರಸ್ತೆಗಳಲ್ಲಿ 2023ರಿಂದ ಎಐ ಕ್ಯಾಮೆರಾಗಳಿವೆ. ದಂಡದ ಮಾತು ಹಾಗಿರಲಿ, ಮಂಜು ಕವಿದ ಕುಟ್ಟ ರಸ್ತೆಯಲ್ಲಿ ಹಿಂದಿನವರಿಗೆ ನಿಮ್ಮ ಬ್ರೇಕ್ ಲೈಟ್ ಕಾಣದಿದ್ದರೆ ಗತಿಯೇನು?

ಮೇಲ್ಛಾವಣಿಯ ರ‍್ಯಾಕ್ ಇದಕ್ಕಿಂತ ಗಟ್ಟಿ. ಮೊದಲು ಕಾರಿನ ಮ್ಯಾನುಯಲ್ ತೆಗೆದು ಛಾವಣಿ ಎಷ್ಟು ಭಾರ ತಡೆಯುತ್ತದೆ ಅಂತ ನೋಡಿ. ರ‍್ಯಾಕಿನ ತೂಕವನ್ನೂ ಅದರಲ್ಲೇ ಸೇರಿಸಬೇಕು. ಮುಂದಿನ ಚಕ್ರ ಬಿಚ್ಚಿ ಫೋರ್ಕ್ (ಆ ಚಕ್ರವನ್ನು ಹಿಡಿದಿಡುವ ಕವಲು) ಕೂರಿಸುವ ಮಾದರಿಯಾದರೆ ನಿಮ್ಮ ಸೈಕಲ್ಲಿನ ಆಕ್ಸಲ್ ಅಳತೆಗೆ ಹೊಂದುತ್ತದೋ ಇಲ್ಲವೋ ಮೊದಲೇ ಕೂರಿಸಿ ನೋಡಿ. ಹಳೆಯ ರ‍್ಯಾಕುಗಳು ಕ್ವಿಕ್ ರಿಲೀಸ್ (ಲಿವರಿನಿಂದ ಬಿಗಿಯುವ ತೆಳು ಕಡ್ಡಿ) ಕಾಲದವು, ಈಗಿನ 15 ಮಿಲಿಮೀಟರ್ ದಪ್ಪದ ಥ್ರೂ ಆಕ್ಸಲ್‌ಗೆ ಅಡಾಪ್ಟರ್ ಬೇಕು. ಕಾರ್ಬನ್ ಚೌಕಟ್ಟನ್ನು ಮೇಲಿನ ಕೊಳವೆ ಹಿಡಿದು ಬಿಗಿಯುವ ಕ್ಲಾಂಪಿಗೆ ಕೊಡಲೇಬೇಡಿ. ದಶಪಥದಲ್ಲಿ ನೂರರ ಮಿತಿ ಇದ್ದರೂ ಎಂಬತ್ತರಲ್ಲೇ ಹೋಗಿ. ಮತ್ತೆ, ಲಾಡ್ಜಿನ ಗೇಟು, ಪೆಟ್ರೋಲ್ ಬಂಕು, ಬೇಸ್‌ಮೆಂಟ್ ಪಾರ್ಕಿಂಗ್. ಮೇಲೆ ಸೈಕಲ್ ಇದೆ ಅನ್ನುವುದು ದಣಿದ ತಲೆಗೆ ಮರೆತುಹೋಗುತ್ತದೆ. ಸ್ಟೇರಿಂಗ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ "ಮೇಲೆ ನೋಡು" ಅಂತ ಬರೆದಿಡಿ.

ನನಗೆ ಎಲ್ಲಕ್ಕಿಂತ ಮೆಚ್ಚುಗೆ ಸೈಕಲ್ಲನ್ನು ಕಾರಿನ ಒಳಗೇ ಇಡುವುದು. ಇನ್ನೋವಾ ತರಹದ ಗಾಡಿಯಲ್ಲಿ ಹಿಂದಿನ ಸಾಲು ಮಡಚಿದರೆ ನಾಲ್ಕು ಜನ, ನಾಲ್ಕು ಸೈಕಲ್ ಹೋಗಬಹುದು. ಬಿಗಿಯಾಗುತ್ತದೆ ನಿಜ, ಕ್ರಮ ಗೊತ್ತಿದ್ದರೆ ಹಿಡಿಸುತ್ತದೆ. ಎರಡೂ ಚಕ್ರ ಬಿಚ್ಚಿ. ಸೀಟ್‌ಪೋಸ್ಟ್ ಇಳಿಸಿ, ಹ್ಯಾಂಡಲ್ ಸಡಿಲಿಸಿ ಪಕ್ಕಕ್ಕೆ ತಿರುಗಿಸಿ, ಪೆಡಲ್ ಕಳಚಿ. ಬ್ರೇಕ್ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿ. ಡಿಸ್ಕ್ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ಪ್ಯಾಡುಗಳು ಅಂಟಿಕೊಂಡುಬಿಡುತ್ತವೆ, ಆಮೇಲೆ ಚಕ್ರ ಹಾಕುವುದಕ್ಕೇ ಆಗುವುದಿಲ್ಲ. ಮೊದಲ ಸೈಕಲ್ಲಿನ ಫೋರ್ಕ್ ಎಡಕ್ಕೆ, ಎರಡನೆಯದರ ಫೋರ್ಕ್ ಬಲಕ್ಕೆ, ಹೀಗೆ ತಲೆ ಕಾಲು ತಲೆ ಕಾಲು ಅಂತ ನಿಲ್ಲಿಸಿ. ನಡುವೆ ಒಂದೊಂದು ಹಳೇ ಬೆಡ್‌ಶೀಟು. ಚೈನಿನ ಕಡೆ ಯಾವಾಗಲೂ ಮೇಲ್ಮುಖವಾಗಿಯೋ ಖಾಲಿ ಜಾಗದ ಕಡೆಗೋ ಇರಲಿ. ಕಟ್ಟುವುದಕ್ಕೆ ಹಗ್ಗ ಬೇಡ, ಪಂಕ್ಚರ್ ಅಂಗಡಿಯ ಹಳೇ ಟ್ಯೂಬನ್ನು ಉದ್ದುದ್ದ ಸೀಳಿಕೊಳ್ಳಿ. ಎಳೆದು ಕಟ್ಟಿದರೆ ಅಲ್ಲಾಡುವುದಿಲ್ಲ, ಬಣ್ಣಕ್ಕೆ ಗೀರೂ ಬೀಳುವುದಿಲ್ಲ.

ಒಳಗಿಟ್ಟರೆ ಮಳೆ, ಧೂಳು, ಕಳ್ಳತನ ಮೂರರ ಚಿಂತೆಯೂ ಇಲ್ಲ. ಗಟ್ಟಿ ಟಾರ್ಪಾಲು ಮಾತ್ರ ಮರೆಯಬೇಡಿ. ಬರುವಾಗ ಆ ಕೆಸರೆಲ್ಲ ಕಾರಿನೊಳಗೇ ತಾನೇ ಬರುವುದು?

ಟಿಟಿ

ಐದು ಜನ ದಾಟಿದರೆ ನನ್ನ ಓಟು ಟೆಂಪೋ ಟ್ರಾವೆಲರ್‌ಗೆ. ಕಾರಣ ಒಂದೇ, ಡ್ರೈವರ್. ನೀವು ಗುಡ್ಡ ಹತ್ತಿ ಬೆವರು ಸುರಿಸುವಾಗ ಅವರು ನೆರಳಲ್ಲಿ ಮಲಗಿ ಎದ್ದಿರುತ್ತಾರೆ. ಸಂಜೆ ನೀವು ಹಿಂದಿನ ಸೀಟಿನಲ್ಲಿ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯಬಹುದು. ಪೆಟ್ಟು ಬಿದ್ದವರು ಕಾಲು ಚಾಚಿ ಕೂರಬಹುದು. ಎಂಟಿಬಿಯಲ್ಲಿ ಬಿದ್ದವರಿಗೆ ಭುಜದ ಹತ್ತಿರದ ಕಾಲರ್ ಮೂಳೆ ಮುರಿಯುವುದು ಅಪರೂಪವಲ್ಲ. ಕೈಯನ್ನು ಜೋಳಿಗೆ ಕಟ್ಟಿಕೊಂಡು ಏಳೆಂಟು ಗಂಟೆ ಕೂರಬೇಕಾದರೆ ಜಾಗ ಬೇಕು.

ಬಾಡಿಗೆ ಮಾತಾಡುವಾಗ ಮೊದಲ ಫೋನಿನಲ್ಲೇ ಹೇಳಿಬಿಡಿ: "ಅಣ್ಣ, ಸೈಕಲ್ ಇದಾವೆ, ಇಷ್ಟು." ಇದನ್ನು ಹೇಳದೆ ಬೆಳಗಿನ ಜಾವ ಏಳು ಸೈಕಲ್ ಮುಂದೆ ನಿಲ್ಲಿಸಿದರೆ ಯಾವ ಡ್ರೈವರಿಗಾದರೂ ಸಿಟ್ಟು ಬರುತ್ತದೆ, ಅದು ನ್ಯಾಯವೇ. ಮೇಲೆ ಕ್ಯಾರಿಯರ್ ಇದೆಯಾ, ಹಿಂದಿನ ಸಾಲಿನ ಸೀಟು ತೆಗೆಯಲು ಒಪ್ಪುತ್ತೀರಾ, ಕೇಳಿ. ಕೆಲವರು ಒಪ್ಪುತ್ತಾರೆ. ಆರು ಜನಕ್ಕೆ ಹನ್ನೆರಡು ಸೀಟಿನ ಗಾಡಿ ತೆಗೆದುಕೊಂಡರೆ ಸೀಟು ತೆಗೆಯದೆಯೂ ಚಕ್ರ ಬಿಚ್ಚಿದ ಸೈಕಲ್‌ಗಳನ್ನು ಒಳಗೆ ನಿಲ್ಲಿಸಬಹುದು. ಮೇಲೆ ಕ್ಯಾರಿಯರಿನಲ್ಲಿ ಮಲಗಿಸುವುದಾದರೆ ಒಂದರ ಮೇಲೊಂದು ಪೇರಿಸಬೇಡಿ. ಕೆಳಗಿನ ಸೈಕಲ್ಲಿನ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಚೌಕಟ್ಟಿಗೆ ಹಿಡಿಸುವ ಕೊಂಡಿ) ಬಾಗುವುದು ಹೀಗೆಯೇ. ಆ ಹ್ಯಾಂಗರ್ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆಯಾಗುತ್ತದೆ, ಮಾನಂದವಾಡಿಯಲ್ಲಿ ಶನಿವಾರ ಸಂಜೆ ನಿಮ್ಮದಕ್ಕೆ ಹೊಂದುವುದು ಸಿಗುತ್ತದೆ ಅಂತ ನಂಬಿ ಕೂರಬೇಡಿ. ಒಂದು ಬಿಡಿ ಹ್ಯಾಂಗರ್ ಪ್ರತಿಯೊಬ್ಬರ ಚೀಲದಲ್ಲೂ ಇರಲಿ. ಯಾವ ಗಾಡಿಯಲ್ಲಿ ಹೋದರೂ ಇದು ಬೇಕು.

ದುಡ್ಡಿನ ಮಾತು ಬಿಡಿಸಿ ಬಿಡಿಸಿ ಆಡಿ. ಕಿಲೋಮೀಟರ್ ದರ, ದಿನಕ್ಕೆ ಕನಿಷ್ಠ ಕಿಲೋಮೀಟರ್, ಡ್ರೈವರ್ ಬಾಟಾ, ಟೋಲ್, ಕೇರಳಕ್ಕೆ ಹೋಗುವ ಪರ್ಮಿಟ್ ಯಾರ ಲೆಕ್ಕಕ್ಕೆ. ಗಾಡಿ ಎರಡು ದಿನ ಅಲ್ಲೇ ನಿಂತಿದ್ದರೂ ಕನಿಷ್ಠ ಕಿಲೋಮೀಟರಿನ ದುಡ್ಡು ಓಡುತ್ತಲೇ ಇರುತ್ತದೆ. ಡ್ರೈವರಿಗೆ ಮಲಗಲು ಒಂದು ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ ನೀವೇ ನೋಡಿಕೊಳ್ಳಿ. ಗಾಡಿಯೊಳಗೇ ಮಲಗಿಸಿ ಭಾನುವಾರ ರಾತ್ರಿ ಕಾಡಿನ ತಿರುವುಗಳಲ್ಲಿ ಓಡಿಸು ಅನ್ನುವುದು ಸರಿಯಲ್ಲ.

ಬಸ್ಸು

ಒಬ್ಬರು ಅಥವಾ ಇಬ್ಬರೇ ಹೊರಟಿದ್ದರೆ ಬಸ್ಸು ನೋಡಿ. ಬೆಂಗಳೂರಿನಿಂದ ವಯನಾಡಿನ ಕಡೆಗೆ ಕರ್ನಾಟಕದ ಬಸ್ಸುಗಳೂ ಇವೆ, ಕೇರಳದ ಬಸ್ಸುಗಳೂ ಇವೆ. ಕೆಳಗೆ ದೊಡ್ಡ ಡಿಕ್ಕಿ ಇರುವ ಐರಾವತ, ರಾಜಹಂಸ ಮಾದರಿಯೇ ಆಗಬೇಕು. ಸೈಕಲ್ಲನ್ನು ಚೀಲದೊಳಗೆ ಹಾಕಿದ್ದರೆ ಕಂಡಕ್ಟರ್ ಲಗೇಜ್ ಚೀಟಿ ಹರಿದು ಒಳಗಿಡಲು ಬಿಡುತ್ತಾರೆ. ಬಿಚ್ಚದ ಸೈಕಲ್ ತಂದು ನಿಲ್ಲಿಸಿದರೆ ಡಿಕ್ಕಿ ತುಂಬಿದೆ ಅನ್ನುವ ಉತ್ತರವೇ ಜಾಸ್ತಿ. ಖಾಸಗಿ ಬಸ್ಸುಗಳ ಡಿಕ್ಕಿಯಲ್ಲಿ ಪಾರ್ಸಲ್ ಮೂಟೆಗಳು ಬರುತ್ತವೆ, ನಿಮ್ಮ ಸೈಕಲ್ ಮೇಲೆ ಏನು ಬಿತ್ತು ಅಂತ ಬೆಳಿಗ್ಗೆಯೇ ಗೊತ್ತಾಗುವುದು.

ಹೋಗುವುದಕ್ಕೆ ಸರಿ. ಬರುವಾಗ ಪೆಟ್ಟು ಬಿದ್ದಿದ್ದರೆ ಸೈಕಲ್ ಎತ್ತಿಡುವವರು ಯಾರು? ಅದಕ್ಕೇ ಒಂಟಿಯಾಗಿ ಬಸ್ಸಿನಲ್ಲಿ ಹೋಗುವವರು ಅಲ್ಲಿಗೆ ಬರುವ ಇನ್ನೊಂದು ಗುಂಪಿನ ಜತೆ ವಾಪಸ್ಸಿಗೆ ಒಂದು ಜಾಗ ಮಾತಾಡಿಟ್ಟುಕೊಂಡರೆ ನೆಮ್ಮದಿ.

ರೈಲು

ವಯನಾಡಿಗೆ ರೈಲೇ ಇಲ್ಲ. ಕೋಝಿಕ್ಕೋಡ್‌ನಲ್ಲೋ ಮೈಸೂರಿನಲ್ಲೋ ಇಳಿದು ಮತ್ತೆ ರಸ್ತೆ ಹಿಡಿಯಬೇಕು. ಆದರೂ ಒಂದು ಗುಂಪಿಗೆ ರೈಲು ಉಪಯೋಗಕ್ಕೆ ಬರುತ್ತದೆ. ಅರ್ಧ ಜನ ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯವರಾಗಿದ್ದರೆ ಎಲ್ಲರೂ ಮೈಸೂರಿನಲ್ಲಿ ಸೇರಿ ಅಲ್ಲಿಂದ ಒಂದೇ ಗಾಡಿ ಮಾಡಿಕೊಳ್ಳಬಹುದು. ಸೈಕ್ಲಿಂಗಿನಲ್ಲಿ ನಮ್ಮ ರಾಜ್ಯಕ್ಕೆ ಹೆಸರು ತಂದವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಸೀಮೆಯವರು. ಬೆಂಗಳೂರಿನ ಗುಂಪುಗಳು ಪ್ಲ್ಯಾನ್ ಮಾಡುವಾಗ ಅವರನ್ನೂ ಸೇರಿಸಿಕೊಂಡರೆ ಚೆನ್ನ.

ಸೈಕಲ್ಲನ್ನು ನಿಮ್ಮ ಟಿಕೆಟ್ ತೋರಿಸಿ ಅದೇ ರೈಲಿನ ಲಗೇಜ್ ವ್ಯಾನಿಗೆ ಬುಕ್ ಮಾಡಿ. ಪಾರ್ಸಲ್ ಅಂತ ಬೇರೆ ಕೊಟ್ಟರೆ ನೀವು ಮುಟ್ಟಿದ ದಿನವೇ ಅದೂ ಮುಟ್ಟುತ್ತದೆ ಅನ್ನುವ ಭರವಸೆ ಇಲ್ಲ. ಅಂಗಡಿಯಲ್ಲಿ ಹೊಸ ಸೈಕಲ್ ಬಂದ ರಟ್ಟಿನ ಡಬ್ಬಿ ಕೇಳಿದರೆ ಕೊಡುತ್ತಾರೆ, ಅದರೊಳಗೆ ಕಟ್ಟಿ ಹೆಸರು, ಫೋನ್ ನಂಬರ್, ಇಳಿಯುವ ಸ್ಟೇಷನ್ ದೊಡ್ಡದಾಗಿ ಬರೆಯಿರಿ. ರೈಲು ಹೊರಡುವುದಕ್ಕೆ ಅರ್ಧ ಗಂಟೆ ಮೊದಲಾದರೂ ಕಚೇರಿಯಲ್ಲಿ ಇರಲೇಬೇಕು, ನಾನು ಒಂದೂವರೆ ಗಂಟೆ ಅನ್ನುತ್ತೇನೆ. ಮತ್ತೆ, ಆ ಸ್ಟೇಷನ್ನಿನಲ್ಲೇ ಕೊನೆಯಾಗುವ ರೈಲು ಆರಿಸಿ. ಎರಡು ನಿಮಿಷ ನಿಲ್ಲುವ ಕಡೆ ಸೈಕಲ್ ಇಳಿಯದೇ ಮುಂದೆ ಹೋಗಿಬಿಡಬಹುದು. ವಂದೇ ಭಾರತ್‌ನಲ್ಲಿ ಲಗೇಜ್ ವ್ಯಾನ್ ಇಲ್ಲ, ಅದನ್ನು ನೋಡಲೇಬೇಡಿ.

ರೇಸ್ ದೂರದ್ದಾದರೆ

ಕೆಲವರ ಕನಸು ಶಿಮ್ಲಾ. 2005ರಲ್ಲಿ ಅಲ್ಲಿ ಎಂಟಿಬಿ ಹಿಮಾಲಯ ಶುರುವಾಯಿತು, ದಿನಕ್ಕೊಂದು ಹಂತದಂತೆ ಹಲವು ದಿನ ಓಡುವ ರೇಸ್. ಅಲ್ಲಿಗೆ ಆಯ್ಕೆ ಎರಡೇ, ವಿಮಾನ ಅಥವಾ ರೈಲು.

ವಿಮಾನದಲ್ಲಿ ತೂಕದ್ದೇ ತಲೆನೋವು. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ 15 ಕಿಲೋ ಲಗೇಜು. ಸೈಕಲ್ಲೇ 13 ಕಿಲೋ ಇದ್ದರೆ ಡಬ್ಬಿ ಸೇರಿ ಮಿತಿ ದಾಟುತ್ತದೆ. ಕ್ರೀಡಾ ಸಾಮಗ್ರಿಗೆ ಬೇರೆ ಶುಲ್ಕ ಇದೆಯಾ ನೋಡಿ, ಹೆಚ್ಚುವರಿ ತೂಕವನ್ನು ಆನ್‌ಲೈನಿನಲ್ಲಿ ಮೊದಲೇ ಕೊಳ್ಳಿ, ಕೌಂಟರಿನಲ್ಲಿ ಕೊಂಡರೆ ದುಬಾರಿ. ಹೆಲ್ಮೆಟ್, ಶೂ ಕೈಚೀಲದಲ್ಲಿರಲಿ. ಎಲೆಕ್ಟ್ರಾನಿಕ್ ಗೇರಿನ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಸಹ ಕೈಚೀಲಕ್ಕೇ. ಟೈರಿಗೆ ಗಾಳಿ ತುಂಬುವ ಸಿಒ2 ಕಾರ್ಟ್ರಿಜ್ (ಪುಟ್ಟ ಗ್ಯಾಸ್ ಡಬ್ಬಿ) ಬೇಡ, ಕೈಪಂಪು ಸಾಕು. ಚಂಡೀಗಢದವರೆಗೆ ಹಾರಿ ಅಲ್ಲಿಂದ ಟ್ಯಾಕ್ಸಿ ಮಾಡಿ. ಶಿಮ್ಲಾದ ಪುಟ್ಟ ವಿಮಾನ ನಿಲ್ದಾಣಕ್ಕೆ ಸೈಕಲ್ ಡಬ್ಬಿ ಒಯ್ಯುವ ಆಸೆ ಬಿಡಿ. ಕಾಲ್ಕಾದಿಂದ ಶಿಮ್ಲಾಕ್ಕೆ ಹತ್ತುವ ಪುಟಾಣಿ ರೈಲು 1903ರ ಕಾಲದ ಕಿರಿದಾದ ಹಳಿಯದ್ದು, ಅದಕ್ಕೂ ಸೈಕಲ್ ಡಬ್ಬಿಗೂ ಆಗಿಬರುವುದಿಲ್ಲ. ರೇಸ್ ಮುಗಿದ ಮೇಲೆ ಸುಮ್ನೆ ಕೂತು ನೋಡಲು ಮಾತ್ರ ಅಷ್ಟು ಚೆಂದದ ದಾರಿ ಇನ್ನೊಂದಿಲ್ಲ.

ರಜೆ ಇದ್ದರೆ ನಾನು ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿಯನ್ನೇ ಆರಿಸುತ್ತೇನೆ. ಹುಬ್ಬಳ್ಳಿಯಲ್ಲಿ ಆ ಕಡೆಯ ಗೆಳೆಯರೂ ಹತ್ತಿಕೊಳ್ಳಬಹುದು. ಚಂಡೀಗಢದಲ್ಲೇ ಕೊನೆ, ಸೈಕಲ್ ಇಳಿಸುವ ಗಡಿಬಿಡಿ ಇಲ್ಲ. ಎರಡು ರಾತ್ರಿ ಒಟ್ಟಿಗೆ ಕೂತು ಚುರುಮುರಿ ತಿನ್ನುತ್ತಾ ಹೋಗುವ ಗುಂಪು ರೇಸಿನ ಹೊತ್ತಿಗೆ ಒಂದು ತಂಡವೇ ಆಗಿರುತ್ತದೆ.

ಉಳಿಯುವುದೆಲ್ಲಿ

ಮಾನಂದವಾಡಿಯ ವಿಷಯಕ್ಕೆ ವಾಪಸ್ ಬರೋಣ. ಪೇಟೆಯ ಲಾಡ್ಜೋ, ತೋಟದ ಹೋಮ್‌ಸ್ಟೇಯೋ? ಲಾಡ್ಜು ಅಗ್ಗ, ಹೋಟೆಲು, ಮೆಡಿಕಲ್ ಶಾಪು ಪಕ್ಕದಲ್ಲೇ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಊರಲ್ಲೇ ಇದೆ. ಆದರೆ ಸೈಕಲ್ಲನ್ನು ಎರಡನೇ ಮಹಡಿಗೆ ಹೊರಬೇಕಾಗಬಹುದು, ತೊಳೆಯಲು ನೀರಿನ ಪೈಪು ಸಿಗದಿರಬಹುದು. ಹೋಮ್‌ಸ್ಟೇಯಲ್ಲಿ ಅಂಗಳ, ನೀರು, ಸೈಕಲ್ ಬಿಚ್ಚಿ ಹರಡಿಕೊಳ್ಳಲು ವರಾಂಡ ಎಲ್ಲ ಇರುತ್ತದೆ. ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ನಾನು ಹೋಮ್‌ಸ್ಟೇ ಅನ್ನುತ್ತೇನೆ. ಬುಕ್ ಮಾಡುವ ಮೊದಲು ಕೇಳಬೇಕಾದದ್ದು: ಸೈಕಲ್ ಒಳಗೆ ಇಡಬಹುದಾ, ಬೆಳಿಗ್ಗೆ ಆರಕ್ಕೆ ತಿಂಡಿ ಕೊಡ್ತೀರಾ.

ತಿಂಡಿಯ ಬಗ್ಗೆ ಒಂದು ಮಾತು. ಪುಟ್ಟು ಕಡಲೆ ರುಚಿಯಾಗಿರುತ್ತದೆ, ರೇಸ್ ಮುಗಿದ ಮೇಲೆ ಹೊಟ್ಟೆ ತುಂಬಾ ತಿನ್ನಿ. ರೇಸಿನ ಬೆಳಿಗ್ಗೆ ಹೊಟ್ಟೆಗೆ ಗೊತ್ತಿರುವುದೇ ಬೇಕು. ಅವಲಕ್ಕಿಯೋ ರವೆಯೋ ಜತೆಗೆ ಒಯ್ದರೆ ಮನೆಯವರೇ ಮಾಡಿಕೊಡುತ್ತಾರೆ, ನೇಂದ್ರ ಬಾಳೆ ಅಲ್ಲೇ ಸಿಗುತ್ತದೆ. ಹಿಂದಿನ ರಾತ್ರಿಯ ಕುಚ್ಚಲಕ್ಕಿ ಅನ್ನ ಕರಾವಳಿಯವರಿಗೆ ಹೊಸದಲ್ಲ, ಅಭ್ಯಾಸವಿಲ್ಲದವರು ಸ್ವಲ್ಪವೇ ತಿನ್ನಿ.

ತೋಟದ ನಡುವಿನ ಮನೆಯಾದರೆ ಬೆಳಗಿನ ಜಾವ, ಸಂಜೆಗತ್ತಲಲ್ಲಿ ಒಬ್ಬೊಬ್ಬರೇ ಸೈಕಲ್ ಹತ್ತಿ ಟ್ರ್ಯಾಕ್ ನೋಡಲು ಹೋಗಬೇಡಿ. 2025ರ ಜನವರಿಯಲ್ಲಿ ಪ್ರಿಯದರ್ಶಿನಿ ತೋಟದ ಬಳಿಯೇ ಕಾಫಿ ಕೊಯ್ಯಲು ಹೋಗಿದ್ದ ಮಹಿಳೆಯೊಬ್ಬರನ್ನು ಹುಲಿ ಕೊಂದಿತ್ತು. ಅಲ್ಲಿನ ಜನ ದಿನವೂ ಈ ಭಯದಲ್ಲೇ ಕೆಲಸಕ್ಕೆ ಹೋಗುತ್ತಾರೆ. ಆಯೋಜಕರು ಟ್ರ್ಯಾಕ್ ತೆರೆದಾಗ, ಹಗಲಲ್ಲಿ, ಗುಂಪಾಗಿ ಹೋಗಿ. ಶುಕ್ರವಾರ ರಾತ್ರಿಯೊಳಗೆ ಊರು ಮುಟ್ಟಿದರೆ ಶನಿವಾರ ಹಗಲಿನಲ್ಲಿ ನಿಧಾನವಾಗಿ ಎರಡು ಸುತ್ತು ನೋಡಬಹುದು. ಶನಿವಾರ ಸಂಜೆ ಮುಟ್ಟುವವರಿಗೆ ಆ ಅವಕಾಶವೇ ಇಲ್ಲ. ಒಂದು ರಾತ್ರಿಯ ಬಾಡಿಗೆ ಉಳಿಸಲು ಹೋಗಿ ಇದನ್ನು ಕಳೆದುಕೊಳ್ಳಬೇಡಿ. ಕೆಂಪು ಮಣ್ಣು ಒಣಗಿದಾಗ ಒಂದು ತರಹ, ಒಂದು ಮಳೆ ಬಿದ್ದರೆ ಟೈರಿಗೆ ಮೆತ್ತಿಕೊಂಡು ಚಕ್ರವೇ ತಿರುಗದ ಹಾಗೆ ಮಾಡುತ್ತದೆ. ಟೈರಿನಲ್ಲಿ ಗಾಳಿ ಎಷ್ಟು ಇರಬೇಕು ಅನ್ನುವುದು ಅಲ್ಲಿ ಓಡಿಸಿದರೆ ಮಾತ್ರ ತಿಳಿಯುತ್ತದೆ.

ರೇಸ್ ಓಡದ ಒಬ್ಬ ಗೆಳೆಯ

ಗುಂಪಿನಲ್ಲಿ ಒಬ್ಬರು ರೇಸಿಗೆ ಹೆಸರು ಕೊಡದವರು ಇರಲಿ. ಬಾಟಲಿ ಕೊಡಲು, ಫೋಟೋ ತೆಗೆಯಲು, ಕಾರಿನ ಕೀ ಇಟ್ಟುಕೊಳ್ಳಲು, ಬೇಕಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು. ಕಾರಿನಲ್ಲಿ ಹೋಗುವುದಾದರೆ ಭಾನುವಾರ ಸ್ಟೇರಿಂಗ್ ಅವರದ್ದೇ. ಅವರ ಖರ್ಚನ್ನು ಉಳಿದವರು ಹಂಚಿಕೊಳ್ಳಬೇಕು, ಇದರಲ್ಲಿ ಎರಡನೇ ಮಾತಿಲ್ಲ. ಹಾಗೆಯೇ ಕಾರು ಕೊಟ್ಟವರಿಂದ ಡೀಸೆಲ್ ದುಡ್ಡು ಕೇಳಬೇಡಿ. 520 ಕಿಲೋಮೀಟರಿಗೆ ಲೀಟರಿಗೆ 12ರ ಲೆಕ್ಕದಲ್ಲಿ ಹೆಚ್ಚೂಕಡಿಮೆ 43 ಲೀಟರ್, ಅದನ್ನು ಉಳಿದವರು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಟೈರು ಸವೆಯುವುದು, ಸೀಟಿಗೆ ಕೆಸರು ಮೆತ್ತುವುದು ಅವರ ಕಾರಿನಲ್ಲೇ ಅಲ್ವಾ.

ಭಾನುವಾರ ರಾತ್ರಿಯೋ, ಸೋಮವಾರ ಬೆಳಿಗ್ಗೆಯೋ

ಟಿಟಿ ಇದ್ದು ಡ್ರೈವರ್ ಚೆನ್ನಾಗಿ ನಿದ್ದೆ ಮಾಡಿದ್ದರೆ ಭಾನುವಾರವೇ ಹೊರಡಿ. ಐದೂವರೆಗೆ ಬಿಟ್ಟರೆ ಬತ್ತೇರಿ ದಾರಿಯಲ್ಲಿ 9ರ ಗೇಟಿಗೆ ಮೊದಲು ಬಂಡೀಪುರ ದಾಟಬಹುದು. ಬತ್ತೇರಿಯಲ್ಲಿ ಊಟಕ್ಕೆ ಕೂರಬೇಡಿ, ಗುಂಡ್ಲುಪೇಟೆಯಲ್ಲಿ ಮಾಡಿದರಾಯಿತು. ತಡವಾದರೆ ಗೇಟಿನ ಹತ್ತಿರ ಹೋಗಿ ಜಗಳ ಆಡುವ ಬದಲು ಹೊರಡುವಾಗಲೇ ಕುಟ್ಟದ ಕಡೆ ತಿರುಗಿಸಿ.

ಸ್ವಂತ ಕಾರಿದ್ದು, ಎಲ್ಲರೂ ರೇಸ್ ಓಡಿದ್ದರೆ ಸೋಮವಾರಕ್ಕೆ ಅರ್ಧ ದಿನ ರಜೆ ಬರೆದು ಅಲ್ಲೇ ಉಳಿಯಿರಿ. ಸಂಜೆ ಬೆಳಕಿರುವಾಗಲೇ ಸೈಕಲ್ ತೊಳೆದು ಚೈನ್ ಒರೆಸಿ ಎಣ್ಣೆ ಬಿಡಿ, ಗಾಯಕ್ಕೆ ಔಷಧಿ ಹಾಕಿ, ಬೇಗ ಮಲಗಿ. ಬೆಳಿಗ್ಗೆ ಆರಕ್ಕೆ ಬಾವಲಿ ಗೇಟು ತೆರೆಯುತ್ತದೆ. ಕಾಡಿನೊಳಗೆ ಎಲ್ಲೂ ನಿಲ್ಲಿಸದೆ ನಿಧಾನವಾಗಿ ದಾಟಿ, ಎಚ್.ಡಿ. ಕೋಟೆಯಲ್ಲಿ ಇಡ್ಲಿ ಕಾಫಿ ಮುಗಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಗಳೂರು.